ನಿದ್ದೆ ಮಾತ್ರೆಯ ಮಳೆಗಾಲ

ಹೋದ ತಿಂಗಳು ನಮ್ಮ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಘಟಕ ನೋಡಲು ಹೋಗಿದ್ದೆ. ಗೂಡು ಬೇಯಿಸುವ ನೀರಿನ ವಾಸನೆ ಗೇಟಿನ ಹೊರಗೇ ಮುಖಕ್ಕೆ ಹೊಡೆಯಿತು. ಮಕ್ಕಳು ದುಪಟ್ಟಾ, ಕರವಸ್ತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಮೂಗಿಗೆ ಒತ್ತಿಕೊಂಡರು. "ಮಿಸ್, ನಿಮಗೆ ವಾಸನೆ ಬರ್ತಿಲ್ವಾ?" ಎಂದು ಒಬ್ಬಳು ಕೇಳಿದಳು. ಬರುತ್ತಿತ್ತು. ಒಂದು ಮಳೆಗಾಲವಿಡೀ ದಿನಾ ಬೆಳಗ್ಗೆ ಇದೇ ವಾಸನೆಯ ಬೀದಿ ದಾಟಿ ನಾನು ಬಸ್ಸು ಹಿಡಿಯುತ್ತಿದ್ದೆ. ಆ ಮಳೆಗಾಲವನ್ನು ನಾನು ಬೇಕೆಂದು ನೆನೆಸಿಕೊಳ್ಳುವುದಿಲ್ಲ. ಅವತ್ತು ಮಾತ್ರ ಅದು ತಾನಾಗಿಯೇ ಬಂತು.

ಆಗ ನಾನು ಪಿಎಚ್.ಡಿ. ಸೇರಿ ಎರಡನೇ ವರ್ಷ. ನಮ್ಮದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ನನ್ನ ಪ್ರಯೋಗಾಲಯವಿದ್ದದ್ದು ಬಿಡದಿ ಕಡೆಯ ಒಂದು ಕಾಲೇಜಿನಲ್ಲಿ. ಹಾಸ್ಟೆಲಿನ ಊಟ ಮೈಗೆ ಹಿಡಿಯದೆ ಒಂದೇ ಸಮ ಜ್ವರ ಬರತೊಡಗಿದಾಗ ಅವ್ವ ತನ್ನ ಅಕ್ಕ ಸಾಕಮ್ಮನಿಗೆ ಫೋನು ಮಾಡಿದಳು. ದೊಡ್ಡವ್ವ ಅಂದಳಂತೆ, "ಸಾವ್ರಾರು ಹುಳಕ್ಕೆ ನಮ್ಮನೇಲಿ ಜಾಗ ಐತೆ, ನನ್ ತಂಗಿ ಮಗೀಗಿರಕಿಲ್ವಾ? ಕಳಿಸ್ಕೊಡು." ಹಾಗೆ ರಾಮನಗರದಿಂದ ಕನಕಪುರದ ಕಡೆಗೆ ಒಸಿ ಒಳಗಿರುವ ಅವಳ ಊರಿಗೆ ನಾನು ಎರಡು ಚೀಲ ಹಿಡಿದು ಹೋದೆ.

ದೊಡ್ಡವ್ವ ಎತ್ತರದ, ಎಲುಬು ಗಟ್ಟಿಯ ಹೆಂಗಸು. ನಡೆದರೆ ಪಕ್ಕದಲ್ಲಿ ನಡೆಯುವವರು ಓಡಬೇಕು. ದೊಡ್ಡಪ್ಪ ಬೋರೇಗೌಡ ಅವಳಿಗಿಂತ ಒಂದು ಗೇಣು ಕುಳ್ಳ, ಮಾತು ಕಡಿಮೆ. ಒಬ್ಬಳೇ ಮಗಳು ಮದುವೆಯಾಗಿ ಚನ್ನಪಟ್ಟಣದಲ್ಲಿದ್ದಳು. ಮನೆಯ ಹಿಂದೆ ಶೀಟು ಹೊದಿಸಿದ ಉದ್ದನೆಯ ಹುಳದ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಬದುಕೆಲ್ಲ ಆ ಹುಳದ ಮನೆಯ ಸುತ್ತ. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಮೈಲಿಗೆ ತಾಗಿದರೆ ಬೆಳೆ ಕೆಟ್ಟುಹೋಗುತ್ತದೆ ಎಂಬ ಭಯ ದೊಡ್ಡವ್ವನಿಗೆ ಚಿಕ್ಕಂದಿನಿಂದ ರಕ್ತದಲ್ಲೇ ಇತ್ತು. ಹುಳ ಕೊನೆಯ ಜ್ವರದಿಂದ ಎದ್ದು, ಅಂದರೆ ಪೊರೆ ಬಿಟ್ಟು, ಬಕಬಕನೆ ತಿನ್ನಲು ಶುರುಮಾಡಿದರೆ ಅವಳಿಗೆ ರಾತ್ರಿ ಎಂಬುದೇ ಇಲ್ಲ. ಎದ್ದು ಸೊಪ್ಪು ಹಾಕಿ ಬಂದು ಮಲಗುವುದು, ಮತ್ತೆ ಏಳುವುದು. ವರ್ಷಕ್ಕೆ ಹಲವು ಬೆಳೆ, ಬೆಳೆಬೆಳೆಗೂ ಇದೇ.

ನಾನು ಹೋದ ಹೊಸತರಲ್ಲಿ ಒಂದು ಸಂಜೆ ಸೊಪ್ಪು ಹರವುತ್ತಾ ಕೇಳಿದಳು. "ಅಲ್ಲ ಕಣವ್ವ, ದಿನಾ ಬುತ್ತಿ ಕಟ್ಕಂಡು ಹೋಯ್ತೀಯಲ್ಲ, ಅಲ್ಲೇನ್ ಮಾಡ್ತೀಯ?"

"ಕ್ಯಾನ್ಸರ್ ಕೋಶ ಸಾಕ್ತೀನಿ ದೊಡ್ಡವ್ವ."

"ಸಾಕ್ತೀಯಾ?"

"ಹೂಂ, ನೀನು ಹುಳ ಸಾಕ್ದಂಗೆ. ಹೊತ್ತಿಗೆ ಸರಿಯಾಗಿ ಊಟ ಕೊಡ್ಬೇಕು, ಕೊಳೆ ತೆಗೀಬೇಕು, ಜಾಗ ಸಾಲ್ದೆ ಹೋದ್ರೆ ಬೇರೆ ಮಾಡ್ಬೇಕು."

"ಅಯ್ ಶಿವನೇ! ಅದನ್ನ ಯಾರಾದ್ರೂ ಸಾಕ್ತಾರಾ? ಸಾಯಿಸ್ಬೇಕಪ್ಪ."

"ಸಾಯಿಸೋದು ಕಲಿಯಕ್ಕೇ ಸಾಕೋದು."

ಅವಳಿಗೆ ನಗು ಬಂತು. ಯಾವ ಜಾಗದ ಕ್ಯಾನ್ಸರು ಎಂದು ಕೇಳಿದಳು. ದೊಡ್ಡ ಕರುಳಿನದು ಅಂದೆ. ಸೊಪ್ಪಿನ ಮೇಲೆ ಅವಳ ಕೈ ಅರೆಗಳಿಗೆ ನಿಂತು ಮತ್ತೆ ಹೊರಟಿತು. ಆಗ ಅದು ನನಗೇನೂ ಅನ್ನಿಸಲಿಲ್ಲ.

ಅವಳು ಬಿಡಲಿಲ್ಲ. ಮಾರನೆಯ ದಿನವೂ ಕೇಳಿದಳು, ಅದರ ಮಾರನೆಯ ದಿನವೂ. ನಾನು ಉಮೇದಿನಲ್ಲಿ ಹೇಳುತ್ತಾ ಹೋದೆ. ಕತ್ತಲಾದ ಮೇಲೆ ನಮ್ಮ ಮೆದುಳಿನೊಳಗೆ ಒಂದು ಹಾರ್ಮೋನು ಊರುತ್ತದೆ, ಹೆಸರು ಮೆಲಟೋನಿನ್. ಈಗ ರಾತ್ರಿ, ಮಲಗು ಎಂದು ಮೈಗೆಲ್ಲ ಹೇಳುವುದು ಅದು. ಕರುಳಿನಲ್ಲೂ ತಯಾರಾಗುತ್ತದೆ. ಆ ಹಾರ್ಮೋನನ್ನು ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದರೆ ಅವು ಬೆಳೆಯುವುದು ನಿಧಾನವಾಗುತ್ತದೆ, ಕೆಲವು ತಾವಾಗಿಯೇ ಸಾಯುತ್ತವೆ. ಯಾಕೆ, ಹೇಗೆ ಎಂದು ಹುಡುಕುವುದು ನನ್ನ ಕೆಲಸ. ಇದೆಲ್ಲ ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ನಡೆಯುವ ಮಾತು, ಮನುಷ್ಯರಲ್ಲಿ ಏನಾಗುತ್ತದೋ ಗೊತ್ತಿಲ್ಲ ಎಂದೂ ಹೇಳಿದೆ. ಈ ಕೊನೆಯ ಮಾತು ಅಲ್ಲೇ ಸೊಪ್ಪಿನಡಿಗೆ ಬಿದ್ದು ಹೋಯಿತು.

"ನಿದ್ದೆಗೆಟ್ಟೋರಿಗೆ ಅದು ಕಮ್ಮಿಯಾಯ್ತದಾ?" ಎಂದು ಕೇಳಿದಳು.

"ರಾತ್ರಿ ಬೆಳಕಲ್ಲಿದ್ರೆ ಕಮ್ಮಿ ಆಗುತ್ತೆ. ಅದಕ್ಕೂ ಕ್ಯಾನ್ಸರ್‌ಗೂ ಸಂಬಂಧ ಐತಾ ಅಂತ ನೋಡ್ತಾವ್ರೆ. ಇನ್ನೂ ಗಟ್ಟಿಯಾಗಿ ಹೇಳಕ್ಕಾಗಲ್ಲ."

ಪಕ್ಕದಲ್ಲಿದ್ದ ದೊಡ್ಡಪ್ಪ ಅಪರೂಪಕ್ಕೆ ಬಾಯಿ ಬಿಟ್ಟ. "ಹುಳುಕ್ಕೂ ಐತಲ್ಲ ಹಂಗೊಂದು ಔಸ್ದಿ. ನಾಕಾರು ಹುಳ ಹಣ್ಣಾಗಕ್ಕೆ ಶುರುವಾದೇಟ್ಗೆ ಸೊಪ್ಪಿನ್ ಮೇಲೆ ಚಿಮುಕುಸ್ತೀವಿ. ಅದುರ್ ಮೈಯ್ಯಾಗಿರೋ ಹಾರ್ಮೋನೇ ಅಂತೆ. ಎಲ್ಲವೂ ಒಟ್ಗೇ ಗೂಡು ಕಟ್ಟಕ್ಕೆ ಹೊರಟ್ಬುಡ್ತವೆ." ಹೌದು, ಹಾರ್ಮೋನು ಎಂದರೆ ಅಂಥದೇ, ಒಂದು ಹನಿಯಲ್ಲಿ ಮೈಯ ದಾರಿ ತಿರುಗಿಸುವಂಥದು ಅಂದೆ. ಮೂವರೂ ಖುಷಿಯಾಗಿದ್ದೆವು.

ಆಷಾಢದಲ್ಲಿ ಮಳೆ ಹಿಡಿಯಿತು. ನೆನೆದ ಸೊಪ್ಪು ತಿಂದರೆ ಹುಳಕ್ಕೆ ರೋಗ ಬರುತ್ತದೆಂದು ಕೊಯ್ದು ತಂದದ್ದನ್ನೆಲ್ಲ ಪಡಸಾಲೆಯಲ್ಲಿ ಹರವಿ, ಫ್ಯಾನು ಹಾಕಿ, ಹಳೆ ಪಂಚೆಯಲ್ಲಿ ಒರೆಸಿ ಒಣಗಿಸಬೇಕಿತ್ತು. ಒಂದು ಭಾನುವಾರ ದೊಡ್ಡವ್ವನೂ ನಾನೂ ಎದುರುಬದುರು ಕೂತು ಸೊಪ್ಪು ಒರೆಸುತ್ತಿದ್ದೆವು. ತಲೆ ಎತ್ತದೆ ಕೇಳಿದಳು.

"ಕರುಳಲ್ಲಿ ಅದಾದ್ರೆ ರಕ್ತ ಬೀಳ್ತದಾ?"

"ಬೀಳಬೌದು. ಮೂಲವ್ಯಾಧಿಲೂ ಬೀಳ್ತದೆ. ಯಾಕೆ?"

"ಸುಮ್ಕೆ ಕೇಳ್ದೆ."

ಇನ್ನೊಂದು ರಾಶಿ ಸೊಪ್ಪು ಮುಗಿಯಿತು. ಮಳೆ ಜೋರಾಯಿತು. ಆ ಸದ್ದಿನ ನಡುವೆ ಅವಳು ಅಂದಳು, "ಉಗಾದಿಗೂ ಮುಂಚಿಂದ ಬೀಳ್ತಾ ಐತೆ ಕಣವ್ವ. ನಿಮ್ ದೊಡ್ಡಪ್ಪಂಗೆ ಹೇಳ್ಬ್ಯಾಡ."

ಯಾರೋ ಕೊಟ್ಟ ಬೇರಿನ ಪುಡಿಯನ್ನು ಮೂಲವ್ಯಾಧಿಯೆಂದು ಮಜ್ಜಿಗೆಯಲ್ಲಿ ಕಲಸಿ ಕುಡಿಯುತ್ತಿದ್ದಳಂತೆ. ಹಗಲೆಲ್ಲ ನಾನು ಕರುಳಿನ ಕ್ಯಾನ್ಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರುತ್ತಿದ್ದೆ. ಸಂಜೆ ಅದನ್ನು ಹೊತ್ತ ಹೆಂಗಸು ನನಗೆ ಮುದ್ದೆ ಇಕ್ಕುತ್ತಿದ್ದಳು. ಅವತ್ತೇ ದೊಡ್ಡಪ್ಪನಿಗೆ ಹೇಳಿದೆ. ಅವನು ಎದ್ದು ಹುಳದ ಮನೆಯೊಳಗೆ ಹೋಗಿ ಸುಮಾರು ಹೊತ್ತು ಹೊರಗೆ ಬರಲಿಲ್ಲ.

ರಾಮನಗರದ ಡಾಕ್ಟರು ಬೆರಳು ಹಾಕಿ ನೋಡಿದ ಕೂಡಲೆ ಮುಖ ಗಂಭೀರ ಮಾಡಿ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ದುರ್ಬೀನಿನ ಕೊಳವೆ ಒಳಗೆ ಹಾಕಿ ನೋಡಿ ಪರೀಕ್ಷೆಗೆ ಚೂರು ತೆಗೆದರು. ಗುದನಾಳದ ಕೆಳಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಬಿಡಿಸಿ ಹೇಳಿದರು. ಮೊದಲು ಕರೆಂಟು ಕೊಡಬೇಕು, ಅಂದರೆ ರೇಡಿಯೇಶನ್, ಜೊತೆಗೆ ಮಾತ್ರೆ. ಆಮೇಲೆ ಆಪರೇಶನ್. ಗಡ್ಡೆ ತೀರಾ ಕೆಳಗಿರುವುದರಿಂದ ದಾರಿ ಮುಚ್ಚಿ, ಹೊಟ್ಟೆಯ ಮೇಲೆ ಬೇರೆ ದಾರಿ ಮಾಡಿ, ಅಲ್ಲಿಗೆ ಚೀಲ ಅಂಟಿಸಬೇಕಾಗಬಹುದು. "ಬೇಗ ಶುರು ಮಾಡಿದರೆ ಒಳ್ಳೇದಾಗೋ ಸಾಧ್ಯತೆ ಚೆನ್ನಾಗಿದೆ ಅಮ್ಮ" ಎಂದರು.

ದೊಡ್ಡವ್ವನಿಗೆ ಕ್ಯಾನ್ಸರೆಂಬ ಮಾತಿಗಿಂತ ಚೀಲದ ಮಾತು ಎದೆಗೆ ನಾಟಿತು. ಮನೆಗೆ ಬಂದು ಹೊಸ್ತಿಲ ಮೇಲೆ ಕೂತು ಅಂದಳು, "ಹೊಟ್ಟೆ ಮೇಲೆ ಹೇಲು ಕಟ್ಕಂಡು ನಾನು ಒಲೆ ಮುಂದೆ ಕೂತ್ರೆ ಯಾರವ್ವ ಉಣ್ತಾರೆ? ಹುಳದ್ ಮನೆಗೆ ಕಾಲಿಡಕ್ಕಾಯ್ತದಾ? ನಾ ಒಲ್ಲೆ."

ಆಪರೇಶನ್ನಿಗೆ ಇನ್ನೂ ಕಾಲವಿದೆ, ಮೊದಲು ಕರೆಂಟಿಗಾದರೂ ಹೋಗೋಣ ಎಂದು ನಾನು, ಅವ್ವ, ಮಗಳು ಎಲ್ಲರೂ ಹೇಳಿದೆವು. ಶುರು ಮಾಡಲು ಕೊಟ್ಟ ದಿನ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಅಳಿಯ ಹರೀಶ ಫೋನಿನಲ್ಲಿ ಒಂದು ವಿಡಿಯೋ ಹಿಡಿದುಕೊಂಡು ಬಂದ. ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ, ಅತ್ತೆಯೆಂದರೆ ಪ್ರಾಣ ಬಿಡುವ ಹುಡುಗ. ವಿಡಿಯೋದಲ್ಲಿ ಯಾರೋ ಕೋಟು ಹಾಕಿಕೊಂಡವನು, ನಿದ್ದೆಯ ಹಾರ್ಮೋನು ಕ್ಯಾನ್ಸರನ್ನು ಬೇರುಸಹಿತ ಕಿತ್ತುಹಾಕುತ್ತದೆ, ಡಾಕ್ಟರುಗಳು ಇದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ, ಇದು ಪ್ರಕೃತಿ ಕೊಟ್ಟದ್ದು, ಅಡ್ಡಪರಿಣಾಮವಿಲ್ಲ ಎಂದು ಕಿರುಚುತ್ತಿದ್ದ.

"ನಮ್ ಭವ್ಯನೂ ಇದನ್ನೇ ಹೇಳಿದ್ದು," ಎಂದಳು ದೊಡ್ಡವ್ವ, ನನ್ನ ಕಡೆ ಕೈ ತೋರಿಸಿ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಬೆಳಕು ಬಂದಿತ್ತು.

"ಇಲ್ಲ ದೊಡ್ಡವ್ವ, ನಾನು ಹೇಳಿದ್ದು ತಟ್ಟೇಲಿ ಹಾಕಿರೋ ಕೋಶದ ಮಾತು."

"ತಟ್ಟೇಲಿ ಸಾಯೋದು ಹೊಟ್ಟೇಲಿ ಸಾಯಾಕಿಲ್ವಾ?"

ಅದಕ್ಕೆ ನಾನು ಉತ್ತರ ಹುಡುಕುವುದರೊಳಗೆ ಹರೀಶ ಆನ್‌ಲೈನಿನಲ್ಲಿ ಮಾತ್ರೆ ತರಿಸಿದ್ದ. ದೊಡ್ಡಪ್ಪನೇ ರಾಮನಗರಕ್ಕೆ ಹೋಗಿ ಅಳಿಯನ ಕೈಯಿಂದ ಡಬ್ಬಿ ಇಸಿದುಕೊಂಡು, ಟವೆಲಿನಲ್ಲಿ ಸುತ್ತಿಕೊಂಡು ಬಂದ. ನಾನು ಬೇಡ ಅಂದೆ, ಕೂಗಾಡಿದೆ, ಅತ್ತುಬಿಟ್ಟೆ. ಅವನು ನನ್ನ ಮುಖ ನೋಡದೆ ಅಂದ, "ಹುಳುಕ್ಕೆ ಆ ಔಸ್ದಿ ಕೊಟ್ರೆ ಕೆಟ್ಟದ್ದೇನಾರ ಆಯ್ತದಾ? ಅದುರ್ ಮೈಯ್ಯಿಂದೇ ಅದುಕ್ ಕೊಡ್ತೀವಿ. ಇದೂ ಹಂಗೇ ಅಲ್ವೇನವ್ವ?"

ಅಷ್ಟೇ ಆಗಿದ್ದರೆ ಬೇರೆ ಮಾತು. ದೊಡ್ಡವ್ವನಿಗೆ ತನ್ನ ಕಾಯಿಲೆಯ ಮೂಲವೇ ಸಿಕ್ಕಿಬಿಟ್ಟಿತ್ತು. "ಈ ಹುಳ ಮೇಯಿಸಿ ಮೇಯಿಸಿ ನಿದ್ದೆಗೆಟ್ಟೆ. ಆ ಹಾರ್ಮೋನು ಬತ್ತೋಯ್ತು. ಅದುಕ್ಕೇ ನಂಗಿದು ಬಂದೈತೆ" ಎಂದು ಬಂದವರಿಗೆಲ್ಲ ಹೇಳತೊಡಗಿದಳು. ಹಾಗೆಂದು ಹೇಳುವಷ್ಟು ಯಾರಿಗೂ ಗೊತ್ತಿಲ್ಲ ಎಂದು ನಾನು ಹೇಳಿದರೆ, "ಗೊತ್ತಿಲ್ಲ ಅಂದ್ಮೇಲೆ ಅಲ್ಲ ಅಂತ್ಲೂ ಗೊತ್ತಿಲ್ವಲ್ಲ" ಎನ್ನುತ್ತಿದ್ದಳು. ಜಗ್ಗಿ ಹಿಡಿದರೆ ಬಿಡುವ ಹೆಂಗಸಲ್ಲ. ಮಲಗುವ ಕೋಣೆಯ ಕಿಟಕಿಗೆ ಕರಿ ಟಾರ್ಪಾಲು ಹೊಡೆಸಿದಳು. ಸೂರ್ಯ ಮುಳುಗುತ್ತಲೇ ಉಂಡು ಮಾತ್ರೆ ನುಂಗಿ ಮಲಗಿಬಿಡುತ್ತಿದ್ದಳು. ರಾತ್ರಿಯ ಸೊಪ್ಪು ದೊಡ್ಡಪ್ಪನ ಪಾಲಿಗೆ ಬಂತು. ಕರೆಂಟು ಶುರು ಮಾಡಬೇಕಿದ್ದ ದಿನ ಬಂತು, ಹೋಯಿತು. ಆಸ್ಪತ್ರೆಯಿಂದ ಫೋನು ಬಂದರೆ ಯಾರೂ ಎತ್ತಲಿಲ್ಲ.

ಶ್ರಾವಣದಲ್ಲಿ ಅವಳು ನಿಜಕ್ಕೂ ಗೆಲುವಾಗಿದ್ದಳು. ವರ್ಷಗಳಿಂದ ಬಾಕಿಯಿದ್ದ ನಿದ್ದೆ ಮಾಡಿದ ಮೈ ಅದು, ಗೆಲುವಾಗದೆ ಏನು? ರಕ್ತವೂ ಕೆಲವು ದಿನ ನಿಂತಂತಾಯಿತು. ಊರಿನ ಹೆಂಗಸರು ಬಂದು ನೋಡಿ, ಮಾತ್ರೆಯ ಹೆಸರು ಬರೆಸಿಕೊಂಡು ಹೋದರು. ನನ್ನನ್ನು ಕಂಡರೆ, "ನಿನ್ ಓದು ನಮ್ ಸಾಕಮ್ಮಕ್ಕಂಗೆ ಆಗ್ಬಂತು ಬುಡು" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನಾನು ಬುತ್ತಿ ಹಿಡಿದು ಬೇಗಬೇಗ ಬಸ್ಸಿನ ಕಡೆ ನಡೆದುಬಿಡುತ್ತಿದ್ದೆ. ಅವಳ ಗೆಲುವು ನೋಡಿ ಒಂದೊಂದು ಸಲ, ಇರಬಹುದೇನೋ, ನಮ್ಮ ಲೆಕ್ಕ ಮೀರಿ ಏನಾದರೂ ನಡೆಯುತ್ತಿರಬಹುದೇನೋ ಎಂದು ನನ್ನ ಮನಸ್ಸೂ ಆಡುತ್ತಿತ್ತು. ಪ್ರಯೋಗಾಲಯದಲ್ಲಿ ಕೂತವರಿಗೂ ಆಸೆಯೆಂಬುದು ಇರುತ್ತದಲ್ಲ.

ಗೌರಿ ಹಬ್ಬ ಕಳೆಯುವ ಹೊತ್ತಿಗೆ ಕೂರಲು ಆಗುತ್ತಿರಲಿಲ್ಲ. ಮಣೆಯ ಮೇಲೆ ಒಂದು ಮಗ್ಗುಲಿಗೆ ವಾಲಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ರಕ್ತ ಮತ್ತೆ ಶುರುವಾಗಿತ್ತು. ರವಿಕೆಯ ತೋಳು ಸಡಿಲವಾಗಿ ನೇತಾಡುತ್ತಿತ್ತು. ಕೇಳಿದರೆ "ಮಾತ್ರೆ ಒಳ್ಗೆ ಕೆಲ್ಸ ಮಾಡ್ತಾ ಐತೆ, ಅದುಕ್ಕೇ ನೋವು" ಎನ್ನುತ್ತಿದ್ದಳು. ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದವಳು ಮೂರು ನುಂಗತೊಡಗಿ, ಹಗಲೂ ತೂಕಡಿಸುತ್ತಿದ್ದಳು.

ಆ ವಾರವೇ ನನ್ನ ಪ್ರಯೋಗ ಕೈಹಿಡಿಯಿತು. ನಾವು ಬಳಸುತ್ತಿದ್ದ ಒಂದು ದ್ರಾವಣ ಬದುಕಿರುವ ಕೋಶಗಳಿದ್ದ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಸತ್ತಲ್ಲಿ ಬಣ್ಣ ಬರುವುದಿಲ್ಲ. ಎಷ್ಟೋ ತಿಂಗಳು ಒಂದು ಸಲ ಬಂದದ್ದು ಇನ್ನೊಂದು ಸಲ ಬರದೆ ಕಾಡಿಸಿದ ತಟ್ಟೆ, ಅವತ್ತು ಹಾರ್ಮೋನು ಹೆಚ್ಚಿದಂತೆಲ್ಲ ಗುಳಿಯಿಂದ ಗುಳಿಗೆ ಚೆಂದವಾಗಿ ತಿಳಿಯಾಗುತ್ತಾ ಬಂದಿತ್ತು. ಜೊತೆಯವರು ಖುಷಿಗೆ ನನ್ನನ್ನು ಬಿಡದಿಯ ತಟ್ಟೆ ಇಡ್ಲಿ ಅಂಗಡಿಗೆ ಎಳೆದುಕೊಂಡು ಹೋದರು. ಮುಂದೆ ಇಟ್ಟ ಇಡ್ಲಿ ಆರಿ ತಣ್ಣಗಾಯಿತು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅವರು ಸಂತೋಷಕ್ಕೆ ಎಂದುಕೊಂಡರು.

ಮಾರನೆಯ ದಿನ ನನ್ನ ಗೈಡ್ ವತ್ಸಲಾ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನು ಗುಳಿಗೆ ಹಾಕೋ ಪ್ರಮಾಣ ಮನುಷ್ಯರ ರಕ್ತದಲ್ಲಿ ಮಾತ್ರೆ ನುಂಗಿ ಬರಿಸೋಕಾಗಲ್ಲ. ಅದನ್ನ ಹೇಳಿದ್ಯಾ?"

"ಹೇಳಿದೆ ಮೇಡಂ. ಹಾಗಾದ್ರೆ ಇನ್ನೊಂದು ಮಾತ್ರೆ ಜಾಸ್ತಿ ತಗೋತೀನಿ ಅಂತಾರೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಬಾಯಲ್ಲಿ ಹೇಳಿದ್ದು ಸಾಕು. ಕರ್ಕೊಂಡು ಬಾ, ಕಣ್ಣಲ್ಲಿ ನೋಡಲಿ" ಎಂದರು.

ದೊಡ್ಡವ್ವ ಒಪ್ಪಿದಳು. ತನ್ನ ಮಾತ್ರೆಯ ಮಹಿಮೆ ನೋಡಲು ಹೊರಟವಳಂತೆ, ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟಳು. ಬಸ್ಸಿನಲ್ಲಿ ಕೂರಲಾಗದೆ ಕಂಬಿ ಹಿಡಿದು ನಿಂತೇ ಬಂದಳು. ದೊಡ್ಡಪ್ಪ ಅವಳ ಹಿಂದೆ ಒತ್ತಾಸೆಯಾಗಿ ನಿಂತಿದ್ದ. ಪ್ರಯೋಗಾಲಯದ ಬಾಗಿಲಲ್ಲಿ ಕಾಲು ತೊಳೆಯಲು ನೀರು ಹುಡುಕಿದಳು. ಇಲ್ಲಿ ಚಪ್ಪಲಿ ಬಿಟ್ಟರೆ ಸಾಕು ಅಂದೆ. "ಪರ್ವಾಗಿಲ್ಲ, ನೀವೂ ಮಡಿ ಮಾಡ್ತೀರಾ" ಅಂದಳು.

ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಿಂದ ಮುಚ್ಚಳ ಬಿಗಿದ ಸೀಸೆಯೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅದಕ್ಕೆ ಹಾರ್ಮೋನು ಹಾಕಿರಲಿಲ್ಲ. ಅವಳು ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ಹೊಂದಿಸಿಕೊಂಡು, "ಕಾಣ್ತು" ಎಂದಳು. "ಒತ್ತೊತ್ತಾಗಿ ಅವೆ. ಸಂದೇ ಇಲ್ಲ. ಇವೇನಾ?"

"ಇವೇ."

"ಯಾರ್ ಹೊಟ್ಟೇವು?"

"ಯಾರೋ ದೂರದೇಶದವರದು ದೊಡ್ಡವ್ವ. ಬಹಳ ವರ್ಷದ ಹಿಂದೆ ಅವರ ಗಡ್ಡೆಯಿಂದ ತೆಗೆದದ್ದು."

"ಅವ್ರು ಈಗ?"

"ಅವರಿಲ್ಲ."

ಕಣ್ಣು ತೆಗೆದು ನನ್ನನ್ನು ನೋಡಿದಳು. "ಅವ್ರು ಹೋದ್ರೂ ಇದು ಬದುಕಂಡೈತಾ?"

"ಊಟ ಕೊಡೋವರ್ಗೂ ಬದುಕಿರ್ತವೆ. ಇದಕ್ಕೆ ಸಾಕು ಅನ್ನೋದಿಲ್ಲ."

ಮತ್ತೆ ಬಗ್ಗಿ ನೋಡಿದಳು. ಎರಡನೆಯದಾಗಿ ಹಾರ್ಮೋನು ಹಾಕಿದ ಸೀಸೆ ಇಟ್ಟೆ. ಅಲ್ಲಿ ಕೋಶಗಳು ವಿರಳವಾಗಿದ್ದವು. ಸತ್ತವು ಉರುಟಾಗಿ ತೇಲುತ್ತಿದ್ದವು. ಉಳಿದವು ಅಲ್ಲಲ್ಲಿ ತಳಕ್ಕೆ ಅಂಟಿಕೊಂಡೇ ಇದ್ದವು. ಅವಳು ಬಹಳ ಹೊತ್ತು ನೋಡಿದಳು.

"ಇನ್ನೂ ಅವಲ್ಲ."

"ಇರ್ತವೆ."

"ನಾನು ನುಂಗೋದುನ್ನೇ ಹಾಕಿದ್ದೀಯಾ?"

ಅವಳ ಮಾತ್ರೆ ಡಬ್ಬಿಯನ್ನು ನಾನು ತರಿಸಿದ್ದೆ. ಉತ್ತರ ಹೇಳಿದ್ದು ಪಕ್ಕದಲ್ಲಿ ನಿಂತಿದ್ದ ಮೇಡಂ, ಆ ಡಬ್ಬಿಯನ್ನು ಕೈಗೆತ್ತಿಕೊಂಡು. "ಅಮ್ಮ, ನೀವು ಆ ಡಬ್ಬಿ ಪೂರ್ತಿ ನುಂಗಿದರೂ ನಿಮ್ಮ ಗಡ್ಡೆಗೆ ಇಷ್ಟು ತಲುಪಲ್ಲ. ಇಷ್ಟು ಹಾಕಿದರೂ ಇಲ್ಲೇ ಇಷ್ಟು ಉಳಿದುಕೊಂಡಿವೆ ನೋಡಿ. ಇಲ್ಲಿ ಇವಕ್ಕೆ ರಕ್ತ ಇಲ್ಲ, ಮಾಂಸ ಇಲ್ಲ, ಅಡಗಿಕೊಳ್ಳೋಕೆ ಜಾಗ ಇಲ್ಲ. ನಿಮ್ಮ ಹೊಟ್ಟೆಯಲ್ಲಿ ಎಲ್ಲ ಇದೆ. ನಾವು ಮಾಡ್ತಿರೋದು ಸುಳ್ಳಲ್ಲ. ಇದು ಮುಂದೆ ಯಾವತ್ತಾದರೂ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಇವತ್ತು ನಿಮಗೆ ಇದು ಔಷಧಿ ಅಲ್ಲ."

ದೊಡ್ಡವ್ವ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದುಕೊಂಡಳು. ಬಸ್ಸಿಗೆ ಕಾಯುತ್ತಾ ನಿಂತಿದ್ದೆವು, ಸಣ್ಣಗೆ ಜಿನುಗುತ್ತಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೇಳಿದಳು, "ಕರೆಂಟ್ ಕೊಡೋ ಡಾಕ್ಟ್ರು ಯಾವತ್ತು ಬರೇಳಿದ್ರು?"

"ಆ ದಿನ ಕಳೆದುಹೋಯ್ತು ದೊಡ್ಡವ್ವ."

"ಇನ್ನೊಂದ್ ದಿನ ಕೊಡ್ತಾರಾ ಕೇಳು."

ದೊಡ್ಡಪ್ಪ ಆಚೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಬೆಂಗಳೂರಿನ ಡಾಕ್ಟರು ಬೈಯಲಿಲ್ಲ. ಮಾತ್ರೆ ನಿಲ್ಲಿಸಿಬಿಡಿ, ಚಿಕಿತ್ಸೆಯ ಜೊತೆ ಅದು ಹೇಗೆ ವರ್ತಿಸುತ್ತದೋ ನಮಗೆ ಸರಿಯಾಗಿ ಗೊತ್ತಿಲ್ಲ, ನನ್ನನ್ನು ಕೇಳದೆ ಏನನ್ನೂ ನುಂಗಬೇಡಿ ಎಂದರು. ಮತ್ತೆ ಸ್ಕ್ಯಾನು ಮಾಡಿಸಿದರು. ಗಡ್ಡೆ ದೊಡ್ಡದಾಗಿತ್ತು, ಮೊದಲು ಕಾಣದ ಕಡೆ ಗಂಟುಗಳು ಕಾಣುತ್ತಿದ್ದವು. ಇನ್ನೂ ಚಿಕಿತ್ಸೆ ಮಾಡಬಹುದು ಎಂದರು. ಹೊರಗಿನ ಓಣಿಯಲ್ಲಿ ಅವರ ಹಿಂದೆ ಓಡಿಹೋಗಿ, ತಡವಾದದ್ದರಿಂದ ಹೀಗಾಯಿತೇ ಎಂದು ಕೇಳಿದೆ. "ಈಗ ಮುಂದಿನದು ನೋಡೋಣಮ್ಮ" ಎಂದು ಭುಜ ತಟ್ಟಿ ಹೋದರು.

ದಸರೆಯ ಮೇಲೆ ಕರೆಂಟು ಶುರುವಾಯಿತು. ದೀಪಾವಳಿಗೆ ಮನೆಯಲ್ಲಿ ಯಾರೂ ಇರಲಿಲ್ಲ, ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದಿದ್ದೆವು. ಆ ಬೆಳೆಯ ಹುಳವನ್ನು ದೊಡ್ಡಪ್ಪ ಪಕ್ಕದ ಮನೆಯವರಿಗೆ ತಟ್ಟೆಸಮೇತ ಕೊಟ್ಟುಬಂದಿದ್ದ. ಕೆಳಗೆಲ್ಲ ಸುಟ್ಟು ಬೊಬ್ಬೆ ಬಂದು ದೊಡ್ಡವ್ವ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳು. ಒಂದೇ ಒಂದು ದಿನ, "ಮೊದ್ಲೇ ಬಂದಿದ್ರೆ ಇಷ್ಟು ಸುಡ್ತಿತ್ತಾ?" ಎಂದಳು. ಆಗಲೂ ಇಷ್ಟೇ ಸುಡುತ್ತಿತ್ತು ಅಂದೆ. ಅದು ನಿಜವೇ ಆಗಿತ್ತು.

ಪುಷ್ಯ ಮಾಸದ ಚಳಿಯಲ್ಲಿ ಆಪರೇಶನ್ ಆಯಿತು. ಎಚ್ಚರವಾದ ಮೇಲೆ ಹೊಟ್ಟೆಯ ಮೇಲಿನ ಚೀಲವನ್ನು ಅವಳು ನೋಡಲೇ ಇಲ್ಲ. ನರ್ಸಮ್ಮ ಬದಲಾಯಿಸಲು ಬಂದಾಗ ಮುಖವನ್ನು ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಮನೇಲಿ ಇದನ್ನ ಯಾರು ಮಾಡ್ತೀರಿ? ಕಲಿತ್ಕೊಳ್ಳಿ" ಎಂದು ನರ್ಸಮ್ಮ ಕೇಳಿದಾಗ ಮಗಳೂ ನಾನೂ ಒಟ್ಟಿಗೇ ಮುಂದೆ ಬಂದೆವು. ಮೂಲೆಯ ಸ್ಟೂಲಿನಲ್ಲಿದ್ದ ದೊಡ್ಡಪ್ಪ ಎದ್ದು ಅಂಗಿಯ ತೋಳು ಮಡಿಸಿಕೊಂಡ.

"ನಂಗ್ ತೋರ್ಸವ್ವ. ದಿನಾ ಜೊತೇಲಿರೋನು ನಾನು."

"ನೀವ್ ಬ್ಯಾಡ ಕಣಿ, ಬುಡಿ," ಎಂದಳು ದೊಡ್ಡವ್ವ, ಗೋಡೆಯ ಕಡೆಯಿಂದಲೇ.

"ಸುಮ್ಕಿರು ನೀನು."

ಅವನು ಚರ್ಮ ಒರೆಸಿ, ಅಳತೆಗೆ ಕತ್ತರಿಸಿ, ಅಂಟಿಸಿ, ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದ. ಎರಡು ದಿನದಲ್ಲಿ ನರ್ಸಮ್ಮನ ಸಹಾಯ ಬೇಕಾಗಲಿಲ್ಲ. ಮನೆಗೆ ಬಂದ ಮೇಲೂ ಬೆಳಗ್ಗೆ ಬಾಗಿಲು ಮುಂದೆ ಮಾಡಿ ಅವನೇ ಮಾಡುತ್ತಿದ್ದ. ಒಳಗಿಂದ ಇಬ್ಬರೂ ಯಾವುದೋ ಮಾತಿಗೆ ನಗುವುದು ಕೇಳಿಸುತ್ತಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರಿಬ್ಬರೂ ಹಾಗೆ ನಗುವುದನ್ನು ತಾನು ಕೇಳಿರಲಿಲ್ಲ ಎಂದು ಅವ್ವ ಹೇಳಿದಳು.

ಬೇಸಿಗೆ ಕಳೆದ ಮೇಲೆ ಒಂದು ಸಣ್ಣ ಬೆಳೆ ಇಟ್ಟರು. ದೊಡ್ಡವ್ವ ಹುಳದ ಮನೆಯ ಬಾಗಿಲವರೆಗೆ ಬಂದು ನಿಂತಳು. ಕಾಲು ತೊಳೆದಳು. ಒಂದು ಸಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಒಳಗೆ ಹೋದಳು. ಹುಳಕ್ಕೆ ಏನೂ ಆಗಲಿಲ್ಲ, ಗೂಡು ಗಟ್ಟಿಯಾಗಿಯೇ ಬಂದವು. ಆ ಸಂತೋಷವನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಪ್ರಬಂಧ ಪ್ರಕಟವಾದದ್ದು ಆ ವರ್ಷವೇ. ಈ ಹಾರ್ಮೋನು ಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಬಹುದು ಎಂದು ಬರೆದಿದ್ದೆವು. ಆ 'ಬಹುದು' ಎಂಬುದನ್ನು ಬರೆಯುವಾಗ ನನ್ನ ಕೈ ಎಷ್ಟು ಹೊತ್ತು ತಡೆಯಿತು ಎಂಬುದು ಮೇಡಂಗೆ ಮಾತ್ರ ಗೊತ್ತು.

ಮರುವರ್ಷ ದೊಡ್ಡವ್ವನ ಕ್ಯಾನ್ಸರು ಈಲಿಗೆ, ಅಂದರೆ ಯಕೃತ್ತಿಗೆ, ಹಬ್ಬಿತು. ಮತ್ತೆ ಆಸ್ಪತ್ರೆ, ಮತ್ತೆ ಸೂಜಿ. ಈ ಸಲ ದೊಡ್ಡವ್ವ ಒಂದು ದಿನವನ್ನೂ ತಪ್ಪಿಸಲಿಲ್ಲ, ಯಾವ ವಿಡಿಯೋವನ್ನೂ ನೋಡಲಿಲ್ಲ. ಹರೀಶ ಫೋನು ತೆಗೆದರೆ "ಒಳಗಿಕ್ಕು ಅದ್ನ" ಎನ್ನುತ್ತಿದ್ದಳು. ಆದರೂ ಮೈ ಇಳಿಯುತ್ತಾ ಹೋಯಿತು. ಶ್ರಾವಣದ ಒಂದು ಮಧ್ಯಾಹ್ನ ಮನೆಯಲ್ಲೇ, ಮಗಳ ತೊಡೆಯ ಮೇಲೆ ತಲೆಯಿಟ್ಟು ಹೋದಳು.

ಕಾರ್ಯ ಮುಗಿದು ನೆಂಟರೆಲ್ಲ ಹೊರಟ ದಿನ ನಾನು, ಅವ್ವ ಉಳಿದುಕೊಂಡಿದ್ದೆವು. ಅವಳು ಹೋದಾಗಿನಿಂದ ದೊಡ್ಡಪ್ಪ ಸರಿಯಾಗಿ ಉಂಡಿರಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ಕಲಸಿ ಎದ್ದುಬಿಡುತ್ತಿದ್ದ. ಅವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದವನು ನನ್ನನ್ನು ಹತ್ತಿರ ಕರೆದ.

"ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು. ಆವತ್ತು ಮಾತ್ರೆ ತಂದ್ಕೊಟ್ಟೋನು ನಾನು. ಬ್ಯಾಡ ಅನ್ನಕ್ಕೆ ನಂಗ್ ಬಾಯ್ ಬರ್ನಿಲ್ಲ, ಅವ್ಳು ಅಷ್ಟೊಂದು ಆಸೆ ಇಟ್ಕಂಡಿದ್ಲು. ಅಷ್ಟ್ ದಿನ ಕಳೀದೆ ಮೊದ್ಲೇ ಕರ್ಕಂಡು ಹೋ‌ಗಿದ್ರೆ, ಉಳ್ಕತಿದ್ಲಾ?"

ಸುಲಭವಾದ ಉತ್ತರಗಳು ಎರಡಿದ್ದವು. ಎರಡೂ ನನ್ನ ನಾಲಿಗೆಯ ಮೇಲೆ ಬಂದು ಹೋದವು.

"ಉಳೀತಿದ್ಲೇನೋ. ಆಗ್ಲೇ ಹೋಗಿದ್ರೂ ಹಿಂಗೇ ಆಗ್ತಿತ್ತೇನೋ. ಆಗ ಬೇರೆ ಕಡೆ ಕಾಣದಂಗೆ ಕೂತಿತ್ತೋ ಇಲ್ವೋ ಯಾರೂ ನೋಡಿಲ್ಲ. ನಂಗೆ ಗೊತ್ತಿಲ್ಲ ದೊಡ್ಡಪ್ಪ."

"ಡಾಕ್ಟ್ರಿಗೆ?"

"ಅವರಿಗೂ ಗೊತ್ತಾಗಲ್ಲ. ಇನ್ಮುಂದೆ ಯಾರಿಗೂ ಗೊತ್ತಾಗಲ್ಲ."

ಅವನು ನನ್ನ ಮುಖವನ್ನೇ ನೋಡಿದ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದ. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅವನು ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡು, ನೆಲಕ್ಕೆ ಕೈಯೂರಿ ಎದ್ದು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದ. ಒಳಗೆ ಅವ್ವ ನನಗೆ ಊಟಕ್ಕೆ ಎಲೆ ಹಾಕುತ್ತಿದ್ದಳು. ಅವನು ನನ್ನ ಪಕ್ಕದಲ್ಲಿ ಬಂದು ಕೂತ.

"ನಂಗೂ ಒಸಿ ಇಕ್ಕವ್ವ," ಅಂದ.